ಕಸಿ ಮಾಡಿದ ರಕ್ತನಾಳಕ್ಕೆ ಆಲೂಗಡ್ಡೆ ಎನ್‌ಜೈಮ್: ನನ್ನ ಅನುಭವ

"ಎಟಿಪಿ ಕತ್ತರಿಸಿದ್ರೆ ಕಸಿ ಉಳಿಯುತ್ತಾ? ಪಲ್ಯ ಮಾಡ್ಕೊಂಡು ತಿನ್ನು ಮಾರಾಯ" ಎಂದಿದ್ದರು ನಮ್ಮ ಲ್ಯಾಬಿನ ಹಿರಿಯರು. ಎಟಿಪಿ ಅಂದ್ರೆ ಜೀವಕೋಶದ ಶಕ್ತಿಯ ಅಣು. ಗಾಯವಾದ ನಾಳದಿಂದ ಅದು ಹೊರಗೆ ಸೋರಿದರೆ ಉರಿಯೂತ ಎಬ್ಬಿಸುತ್ತದೆ, ಅದನ್ನು ಅಪೈರೇಸ್ ಎಂಬ ಎನ್‌ಜೈಮ್‌ನಿಂದ ಕತ್ತರಿಸಿದರೆ ಕಸಿ ಚೆನ್ನಾಗಿ ಉಳಿಯಬಹುದು ಅನ್ನುವುದು ನನ್ನ ಲೆಕ್ಕ. ಅಪೈರೇಸ್ ತೆಗೆಯುವುದು ಆಲೂಗಡ್ಡೆಯಿಂದ ಅಲ್ವಾ, ಅದಕ್ಕೆ ಈ ಕುಹಕ. ಮೊನ್ನೆ ಕಸಿಯಾಗಿ ಎಂಟನೇ ವಾರದ ಸ್ಲೈಡ್ ನೋಡಿದ ಮೇಲೆ ಅವರೇ ಕಾಫಿ ಕೊಡಿಸಿದರು.

ಮಾಡೆಲ್ ಹೊಸದಲ್ಲ. ಬ್ರೌನ್ ನಾರ್ವೆ ತಳಿಯ ಇಲಿಯ ಹೊಟ್ಟೆಯ ಅಯೋರ್ಟಾ (ದೊಡ್ಡ ರಕ್ತನಾಳ) ತುಂಡನ್ನು ಲೂಯಿಸ್ ಎಂಬ ಬೇರೆ ತಳಿಯ ಇಲಿಗೆ ಹೊಲಿಯುವುದು, 10-0 ಅನ್ನುವ ತೀರಾ ಸಣ್ಣ ನೈಲಾನ್ ದಾರದಲ್ಲಿ. ಮೊದಲ ಒಂಬತ್ತೋ ಹತ್ತೋ ಇಲಿ ನನ್ನ ಕೈ ಪಳಗುವುದರಲ್ಲೇ ಹೋದವು. ಎಚ್ಚರವಾದ ಇಲಿ ಹಿಂಗಾಲು ಎಳೆದುಕೊಂಡು ಹೋಗುತ್ತಿದ್ದರೆ ಹೊಲಿಗೆಯ ಹತ್ತಿರ ರಕ್ತ ಹೆಪ್ಪುಗಟ್ಟಿತು ಅಂತಲೇ ಲೆಕ್ಕ.

ದೊಡ್ಡ ದಡ್ಡತನ ಬೇರೆಯೇ. ತುಂಡನ್ನು ತಣ್ಣಗಿಡುವ ಯುಡಬ್ಲ್ಯೂ ದ್ರಾವಣಕ್ಕೇ ಎನ್‌ಜೈಮ್ ಬೆರೆಸಿದೆ. ನಾಲ್ಕು ತಿಂಗಳು, ಹತ್ತಿರ ಹತ್ತಿರ ಒಂದೂವರೆ ಲಕ್ಷ ನೀರಿನಲ್ಲಿ ಹೋಯಿತು. ಕೆಲಸ ಮಾಡುತ್ತಿದೆಯಾ ನೋಡೋಣ ಅಂತ ಮ್ಯಾಲಕೈಟ್ ಗ್ರೀನ್ (ಎಟಿಪಿಯಿಂದ ಕಿತ್ತು ಬಂದ ಫಾಸ್ಫೇಟ್ ಇದ್ದರೆ ಹಸಿರಾಗುವ ಬಣ್ಣ) ಹಾಕಿದರೆ ಎನ್‌ಜೈಮ್ ಇಲ್ಲದ ಬ್ಲ್ಯಾಂಕ್ ಸೇರಿ ಪ್ಲೇಟಿನ ಎಲ್ಲಾ ಗುಂಡಿಯೂ ಕಡು ಹಸಿರು. ಯುಡಬ್ಲ್ಯೂನಲ್ಲೇ 25 ಮಿಲಿಮೋಲಾರ್ ಫಾಸ್ಫೇಟ್ ಇದೆ, ನಾನು ಮರೆತಿದ್ದೆ! ಅಪೈರೇಸ್‌ಗೆ ಕ್ಯಾಲ್ಸಿಯಂ ಬೇಕು, ಅದರಲ್ಲಿ ಕ್ಯಾಲ್ಸಿಯಂ ಇಲ್ಲ. ಸರಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಧಾರಾಳವಾಗಿ ಸುರಿದೆ. ಕ್ಯಾಲ್ಸಿಯಂ, ಫಾಸ್ಫೇಟ್ ಎರಡೂ ಗಟ್ಟಿಯಾಗಿ ಸೇರಿಕೊಂಡು ಟ್ಯೂಬ್ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು.

ಕೊನೆಗೆ ಎರಡೂ ಕೆಲಸ ಬೇರೆ ಮಾಡಿದೆ. ತಣ್ಣಗಿಡುವುದು ಯುಡಬ್ಲ್ಯೂನಲ್ಲೇ. ಹೊಲಿಯುವ ಮುಂಚೆ ರಿಂಗರ್ ಲ್ಯಾಕ್ಟೇಟ್‌ನಲ್ಲಿ (ಕ್ಯಾಲ್ಸಿಯಂ ಇರುವ, ಫಾಸ್ಫೇಟ್ ಇಲ್ಲದ ಲವಣ ದ್ರಾವಣ) ಚೆನ್ನಾಗಿ ತೊಳೆದು, ಅದೇ ರಿಂಗರ್‌ನಲ್ಲಿ ಕಲಸಿದ ಎನ್‌ಜೈಮನ್ನು ನಾಳದ ಒಳಗೆ ತುಂಬಿ, ಕಾಲು ಗಂಟೆ ಹೊರಗಿನ ಬಿಸಿಯಲ್ಲೇ ಬಿಟ್ಟೆ. ಗಾಳಿಗುಳ್ಳೆ ಸೇರದ ಹಾಗೆ ತುಂಬುವುದಕ್ಕೆ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ, ಲ್ಯಾಬಿಗೆ ಬನ್ನಿ ತೋರಿಸುತ್ತೇನೆ.

ನಡುವೆ ದುಡ್ಡು ಉಳಿಸಲು ಇನ್ನೊಂದು ಹುಚ್ಚು. ಹಾಸನದ ಕುಫ್ರಿ ಜ್ಯೋತಿ ತಳಿಯ ಆಲೂಗಡ್ಡೆ ಐದು ಕೆಜಿ ತಂದು ರುಬ್ಬಿ ನಾನೇ ಎನ್‌ಜೈಮ್ ತೆಗೆಯಲು ಹೋದೆ. ಅರ್ಧ ಗಂಟೆಯಲ್ಲಿ ರಸ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಮಾರನೇ ಸಲ ಮೆಟಾಬೈಸಲ್ಫೈಟ್ ಹಾಕಿದೆ, ಕಪ್ಪಾಗುವುದು ನಿಂತಿತು. ಆದರೆ ಆಲೂಗಡ್ಡೆಯದೇ ಆಸಿಡ್ ಫಾಸ್ಫಟೇಸ್ ಎಂಬ ಇನ್ನೊಂದು ಎನ್‌ಜೈಮ್ ಜೊತೆಗೇ ಬಂತು, ಸಿಕ್ಕ ಸಿಕ್ಕ ಫಾಸ್ಫೇಟನ್ನೆಲ್ಲಾ ಕಿತ್ತು ಹಾಕುತ್ತಿತ್ತು. ಸುಮ್ನೆ ಕೈಬಿಟ್ಟು ಮತ್ತೆ ಸೀಸೆಯದ್ದೇ ಕೊಂಡೆ.

ಗುಂಪಿಗೆ ಆರೇ ಇಲಿ. ಒಂದು ಕಡೆ ಬರೀ ರಿಂಗರ್, ಇನ್ನೊಂದು ಕಡೆ ಎನ್‌ಜೈಮ್. ಎನ್‌ಜೈಮ್ ಗುಂಪಿನಲ್ಲಿ ಒಂದು ಹೆಪ್ಪುಗಟ್ಟಿ ಹೋಯಿತು. ಉಳಿದವುಗಳಲ್ಲಿ ನಾಳದ ಒಳಗೆ ಬೆಳೆದು ದಾರಿ ಕಟ್ಟುವ ಪದರ ರಿಂಗರ್ ಗುಂಪಿನದರ ಅರ್ಧದಷ್ಟೇ ದಪ್ಪ. ವರ್ಹಾಫ್ ಬಣ್ಣದಲ್ಲಿ ಕಪ್ಪು ಎಲಾಸ್ಟಿಕ್ ಗೆರೆಗಳ ಒಳಗಡೆ ರಕ್ತ ಹರಿಯುವ ಜಾಗ ಬರಿಗಣ್ಣಿಗೇ ಜಾಸ್ತಿ ಕಾಣುತ್ತದೆ. ಆದರೆ ನಡುವಿನ ಸ್ನಾಯು ಪದರ ಎರಡೂ ಗುಂಪಿನಲ್ಲಿ ಸತ್ತಿತ್ತು. ರಿಜೆಕ್ಷನ್, ಅಂದ್ರೆ ಪರಕೀಯ ಕಸಿಯ ಮೇಲೆ ದೇಹದ ದಾಳಿ, ಇದಕ್ಕೆ ಬಗ್ಗಿಲ್ಲ. ಮುಂದಿನ ಬ್ಯಾಚಿಗೆ ಆ ದಾಳಿಯನ್ನು ತಗ್ಗಿಸುವ ಔಷಧಿ ಸೈಕ್ಲೋಸ್ಪೋರಿನ್ ಸ್ವಲ್ಪ ಜೊತೆಗೆ ಕೊಡುತ್ತೇನೆ. ಎಥಿಕ್ಸ್ ಕಮಿಟಿಗೆ ಅರ್ಜಿ ಹೋಗಿದೆ, ಇಲಿಗಳಿಗೆ ದುಡ್ಡು ಇನ್ನೂ ಬಂದಿಲ್ಲ.