ಒಸಡಿನಲ್ಲಿ ರಕ್ತವೇ? ಚಿಕಿತ್ಸೆ ಸಾಗುವುದು ಹೀಗೆ

ಹಲ್ಲುಜ್ಜಿ ಉಗುಳಿದಾಗ ಕೆಂಪು ಕಂಡರೆ ಬಹಳ ಮಂದಿ ಆ ಜಾಗಕ್ಕೆ ಬ್ರಷ್ ತಾಗಿಸುವುದನ್ನೇ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಸಾಮಾನ್ಯವಾಗಿ ರಕ್ತ ಬರುವುದೇ ಅಲ್ಲಿ ಕೂತ ಪಾಚಿಯಿಂದ. ಉಜ್ಜದಿದ್ದರೆ ಅದು ಜೊಲ್ಲಿನ ಸುಣ್ಣದಂಶ ಸೇರಿ ಕಿಟ್ಟಗಟ್ಟುತ್ತದೆ. ಆಮೇಲೆ ಯಾವ ಬ್ರಷ್ಷಿಗೂ ಜಗ್ಗುವುದಿಲ್ಲ.

ಮೊದಲು ಅಳತೆ. ಮಿಲಿಮೀಟರ್ ಗೆರೆಗಳಿರುವ ತೆಳು ಕಡ್ಡಿಯನ್ನು ಹಲ್ಲು, ಒಸಡಿನ ಸಂದಿಗೆ ಇಳಿಸಿ ದಂತವೈದ್ಯರು ‘ಎರಡು, ಮೂರು, ಐದು’ ಎನ್ನುತ್ತಾ ಹೋಗುತ್ತಾರೆ. ಆ ಅಂಕಿಗಳನ್ನು ಕಿವಿಗೊಟ್ಟು ಕೇಳಿ. 3ರವರೆಗೆ ಚಿಂತೆಯಿಲ್ಲ. 4 ಅಥವಾ ಹೆಚ್ಚಾದರೆ ಒಸಡು ಹಲ್ಲನ್ನು ಬಿಟ್ಟು ಜೇಬಿನಂತಾಗಿರಬಹುದು. ಹಲ್ಲನ್ನು ಹಿಡಿದಿರುವ ಮೂಳೆ ಎಷ್ಟು ಸವೆದಿದೆ ಎಂಬುದು ಎಕ್ಸ್‌ರೇಯಲ್ಲಿ ತಿಳಿಯುತ್ತದೆ.

ಬರೀ ಊತವಿದ್ದರೆ ಸ್ಕೇಲಿಂಗ್ (ಕಿಟ್ಟ ತೆಗೆಯುವ ಕ್ಲೀನಿಂಗ್) ಮಾಡಿಸಿ, ದಿನಕ್ಕೆರಡು ಸಲ ಸರಿಯಾಗಿ ಉಜ್ಜಿದರೆ ಒಸಡು ಪೂರ್ತಿ ಗುಣವಾಗುತ್ತದೆ. ‘ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ’ ಎಂಬ ಮಾತು ನಂಬಿ ನಮ್ಮಮ್ಮ ವರ್ಷಗಟ್ಟಲೆ ಮುಂದೂಡಿದರು. ಕೆಳಗಿನ ಎರಡು ಮುಂದಲ್ಲು ಹೋದವು. ಕಿಟ್ಟ ತೆಗೆದಾಗ ಅದು ತುಂಬಿಕೊಂಡಿದ್ದ ಸಂದಿ ಬಯಲಾಗುತ್ತದೆ, ಕೆಲವು ದಿನ ಜುಮ್ಮೆನ್ನುತ್ತದೆ. ಹಲ್ಲನ್ನು ಸಡಿಲಗೊಳಿಸುವುದು ರೋಗ, ಕ್ಲೀನಿಂಗ್ ಅಲ್ಲ.

ಒಸಡಿನ ಜೇಬು ಆಳವಾಗಿದ್ದರೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಒಸಡಿನೊಳಗೆ ಬೇರಿನವರೆಗೂ ಕಿಟ್ಟ ಕೆರೆದು ತೆಗೆಯುತ್ತಾರೆ. ಇದಕ್ಕೆ ಒಂದಕ್ಕಿಂತ ಹೆಚ್ಚು ಸಲ ಹೋಗಬೇಕಾಗಬಹುದು. ಕೆಲವು ವಾರ ಬಿಟ್ಟು ಮತ್ತೆ ಅಳೆಯುತ್ತಾರೆ. ನೋವಿಲ್ಲವೆಂದು ಈ ಭೇಟಿ ತಪ್ಪಿಸಬೇಡಿ, ಮುಂದಿನ ದಾರಿ ನಿರ್ಧಾರವಾಗುವುದೇ ಅಲ್ಲಿ. ಆಳ ಇಳಿಯದಿದ್ದರೆ ಫ್ಲ್ಯಾಪ್ ಸರ್ಜರಿ: ಒಸಡು ಬಿಡಿಸಿ, ಒಳಗೆ ಸ್ವಚ್ಛಮಾಡಿ, ಹೊಲಿಗೆ ಹಾಕುತ್ತಾರೆ. ಕೆಲವರಿಗೆ ಮೂಳೆ ಪುಡಿಯನ್ನೂ ತುಂಬುತ್ತಾರೆ. ಆದರೂ ಕಳೆದ ಮೂಳೆಯಷ್ಟೂ ಮರಳುವುದು ಅಪರೂಪ.

ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಬರೆದುಕೊಟ್ಟರೆ ಹೇಳಿದಷ್ಟೇ ದಿನ ಬಳಸಿ, ಹೆಚ್ಚಾದರೆ ಹಲ್ಲು ಕಂದುಗಟ್ಟುತ್ತದೆ. ಪೇಸ್ಟ್ ಬಳಸಿದ ಕೂಡಲೇ ಇದರಿಂದ ಮುಕ್ಕಳಿಸಿದರೆ ಮೌತ್‌ವಾಶ್‌ನ ಗುಣ ತಗ್ಗುತ್ತದೆ, ಅರ್ಧ ಗಂಟೆ ಬಿಡಿ.

ಬೀಡಿ, ಸಿಗರೇಟು ಸೇದುವವರ ಒಸಡು ರೋಗವಿದ್ದರೂ ಅಷ್ಟಾಗಿ ರಕ್ತ ಸುರಿಸದು. ಅವರು ರಕ್ತಕ್ಕಾಗಿ ಕಾಯದೆ ತೋರಿಸಿಕೊಳ್ಳಬೇಕು. ಶುಗರ್ ಇದ್ದವರಿಗೆ ಈ ರೋಗ ಬೇಗ ಬಲಿಯುತ್ತದೆ, ಒಸಡು ಕೆಟ್ಟರೆ ಶುಗರ್ ಹತೋಟಿಯೂ ಕಷ್ಟ.

ಖರ್ಚಿನ ಹೆದರಿಕೆಯಿದ್ದರೆ ದಂತ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಕಡಿಮೆ ದುಡ್ಡಿಗೆ ಮಾಡುತ್ತಾರೆ, ಸ್ವಲ್ಪ ಕಾಯಬೇಕಷ್ಟೆ. ಹೋಗುವಾಗ ನೀವು ನುಂಗುವ ಮಾತ್ರೆಗಳ ಚೀಟಿ ಜೊತೆಗಿರಲಿ. ರಕ್ತ ತೆಳುಮಾಡುವ ಮಾತ್ರೆಯನ್ನಂತೂ ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರಿಗೆ ತೋರಿಸಿ ಕೇಳಿ.