ಹನೋಯ್‌ನ ವಿಮಾನದ ಗುಡ್ಡೆ ಮತ್ತು ನನ್ನ ಟಾರ್ಚು

ವಿಯೆಟ್ನಾಂ ರಾಜಧಾನಿ ಹನೋಯ್‌ನ ಸೇನಾ ಇತಿಹಾಸ ಮ್ಯೂಸಿಯಂ ನಾನು ಹೋದಾಗ ಇನ್ನೂ ಊರೊಳಗಿನ ಹಳೆಯ ಜಾಗದಲ್ಲೇ ಇತ್ತು. ಹೊಸ ಕಟ್ಟಡ ತೆರೆದದ್ದು 2024ರ ನವೆಂಬರ್‌ನಲ್ಲಿ. ಹಳೆಯ ಅಂಗಳದಲ್ಲಿ, ಬಾವುಟದ ಗೋಪುರದ ಹತ್ತಿರ, ಯುದ್ಧಗಳಲ್ಲಿ ಹೊಡೆದುರುಳಿಸಿದ ಅಮೆರಿಕ, ಫ್ರೆಂಚ್ ವಿಮಾನಗಳ ಚೂರುಗಳನ್ನೆಲ್ಲ ಪೇರಿಸಿ ಗುಡ್ಡೆ ಮಾಡಿದ್ದರು. ಮಗಳು ನಾಲ್ಕು ಫೋಟೊ ತೆಗೆದು ಮುಗಿಸಿದಳು. ನಾನು ಮೂರು ಗಂಟೆ ಅದನ್ನೇ ಸುತ್ತಿದೆ.

ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡಿ ನಿವೃತ್ತನಾದವನು ನಾನು. ಅಂಗಳದಲ್ಲಿದ್ದ ಮಿಗ್-21 ಹಳೆಯ ಪರಿಚಯದವನ ಹಾಗೆ ಕಂಡಿತು. ಆದರೆ ಗುಡ್ಡೆ ಹಾಗಲ್ಲ. ಅದರಲ್ಲಿ ಯಾವ ತುಂಡು ಯಾವ ವಿಮಾನದ್ದು ಅಂತ ಒಂದು ಫಲಕವೂ ಹೇಳುತ್ತಿರಲಿಲ್ಲ.

ಮೊದಲು ನೋಡಿದ್ದು ಬಣ್ಣ. ಅಮೆರಿಕದ ವಾಯುಪಡೆಯ ಫ್ಯಾಂಟಮ್, ಎಫ್-105 ಜೆಟ್‌ಗಳಿಗೆ ಮೇಲೆ ಎರಡು ಬಗೆಯ ಹಸಿರು ಮತ್ತು ಮಣ್ಣಿನ ಬಣ್ಣ, ಹೊಟ್ಟೆಗೆ ತಿಳಿ ಬೂದು. ನೌಕಾಪಡೆಯ ಹೆಚ್ಚಿನ ವಿಮಾನಗಳಿಗೆ ಮೇಲೆ ಬೂದು, ಕೆಳಗೆ ಬಿಳಿ. ಹೊರಮೈ ಬಣ್ಣವನ್ನು ಮಾತ್ರ ನಂಬಬಾರದು. ಬಿಸಿಲು ಮಳೆಗೆ ಅದು ಹೋಗಿರುತ್ತದೆ, ಇಲ್ಲವೇ ಯಾರೋ ಮೇಲೆ ಹೊಸದು ಬಳಿದಿರುತ್ತಾರೆ. ತಗಡು ಮಡಚಿಕೊಂಡ ಕಡೆ ಒಳಗೆ ಇಣುಕಬೇಕು. ಅಲ್ಲಿ ಬಿಸಿಲು ಮುಟ್ಟಿರುವುದಿಲ್ಲ.

ಆಮೇಲೆ ನಂಬರ್. ಟಾರ್ಚನ್ನು ನೇರವಾಗಿ ಹಿಡಿದರೆ ಏನೂ ಕಾಣಿಸುವುದಿಲ್ಲ. ಪಕ್ಕದಿಂದ, ತಗಡಿಗೆ ಒರಗಿಸಿದ ಹಾಗೆ ಬೆಳಕು ಬಿಟ್ಟರೆ ಒತ್ತಿದ ಅಕ್ಷರಗಳು ಎದ್ದು ಬರುತ್ತವೆ. ಪಕ್ಕದಲ್ಲೇ ಇನ್‌ಸ್ಪೆಕ್ಟರನ ಪುಟ್ಟ ಮುದ್ರೆ. ಅದನ್ನು ಕಂಡಾಗ ಎದೆ ಸ್ವಲ್ಪ ಜಗ್ಗಿತು. ಅಂಥದೇ ಒಂದು ಮುದ್ರೆ ಎಷ್ಟೋ ವರ್ಷ ನನ್ನ ಜೇಬಿನಲ್ಲಿತ್ತು.

ತುಂಡಿನ ಮೇಲಿನ ನಂಬರ್ ವಿಮಾನದ ನಂಬರ್ ಅಲ್ಲ. ಅದು ಆ ಭಾಗದ ನಂಬರ್. ಆದರೂ ಜಾತಿ ಹೇಳುತ್ತದೆ. 32 ಅಂತ ಶುರುವಾಗಿ ಅಡ್ಡಗೆರೆ ಬಂದರೆ ಫ್ಯಾಂಟಮ್. 128 ಅಂತ ಶುರುವಾದರೆ ಗ್ರುಮ್ಮನ್ ಕಂಪನಿಯವರ ಇಂಟ್ರೂಡರ್ ದಾಳಿ ವಿಮಾನ. ಒಂದೇ ತುಂಡು ಸಿಕ್ಕರೆ ನಾನು ಒಪ್ಪುವುದಿಲ್ಲ. ಅಕ್ಕಪಕ್ಕ ಇನ್ನೆರಡು ಹಾಗೇ ಇರಬೇಕು. ವಿಮಾನದ ಸ್ವಂತ ನಂಬರ್ ಇರುವುದು ಬಾಲದ ಮೇಲೆ. ವಾಯುಪಡೆಯದಾದರೆ ಅದರಲ್ಲಿ ಖರೀದಿಯ ವರ್ಷದ ಸುಳಿವೂ ಇರುತ್ತದೆ.

ಅಮೆರಿಕದ ಕಂಪನಿ ಹೆಸರು ಕಂಡ ತಕ್ಷಣ ಅಮೆರಿಕದ ವಿಮಾನ ಅನ್ನಲೂ ಆಗುವುದಿಲ್ಲ. 1954ರಲ್ಲಿ ಫ್ರೆಂಚರು ವಿಯೆಟ್ನಾಮಿಗರಿಗೆ ಸೋತ ದಿಯೆನ್ ಬಿಯೆನ್ ಫು ಯುದ್ಧದಲ್ಲಿ ಅವರು ಹಾರಿಸಿದ ಬೇರ್‌ಕ್ಯಾಟ್ ಫೈಟರ್, ಡಕೋಟಾ ಸಾಗಣೆ ವಿಮಾನಗಳೂ ಅಮೆರಿಕದಲ್ಲೇ ತಯಾರಾದವು.

ಇಷ್ಟೆಲ್ಲ ಗೊತ್ತಿದ್ದೂ ನಾನು ಎಡವಿದೆ. ಒಂದು ಉದ್ದನೆಯ ಎಂಜಿನ್ ಬಿದ್ದಿತ್ತು. ತಗಡಿನ ಪಟ್ಟಿಯಲ್ಲಿ ‘ಜೆ57’ ಅಂತ ಓದಲು ಬಂತು, ಮುಂದಿನದು ಕೊಳೆಯಲ್ಲಿ ಮುಚ್ಚಿತ್ತು. ಮುಟ್ಟಿ ಒರೆಸುವ ಹಾಗಿಲ್ಲ. “ಬಿ-52 ಎಂಜಿನ್!” ಅಂದೆ. 1972ರ ಡಿಸೆಂಬರ್‌ನಲ್ಲಿ ಹನೋಯ್ ಮೇಲೆ ಬಾಂಬು ಹಾಕಲು ಬಂದ ಅಮೆರಿಕದ ದೊಡ್ಡ ಬಿ-52 ಬಾಂಬರ್‌ಗಳಿಗೆ ಅದೇ ಎಂಜಿನ್, ಒಂದೊಂದಕ್ಕೆ ಎಂಟೆಂಟು. ಖುಷಿ ತಡೆಯಲಾಗಲಿಲ್ಲ.

“ಅಪ್ಪ, ಗ್ಯಾರಂಟೀನಾ?” ಅಂದಳು ಮಗಳು.

“ನಲವತ್ತು ವರ್ಷ ಏನು ಸುಮ್ನೆ ಕೂತಿದ್ನಾ?” ಅಂದೆ.

ರಾತ್ರಿ ಹೋಟೆಲ್‌ನಲ್ಲಿ ಫೋಟೊ ದೊಡ್ಡದು ಮಾಡಿ ನೋಡಿದರೆ ಕೊಳೆಯ ಅಡಿಯಲ್ಲಿ ‘ಪಿ-20’. ಆ ಕಾಲದ ಅಮೆರಿಕದ ಎಂಜಿನ್‌ಗಳಲ್ಲಿ ಈ ಕೊನೆಯ ಅಂಕಿ ಬೆಸ ಬಂದರೆ ವಾಯುಪಡೆ, ಸಮ ಬಂದರೆ ನೌಕಾಪಡೆ. ಬಿ-52 ಎಂದೂ ನೌಕಾಪಡೆಯಲ್ಲಿ ಇರಲಿಲ್ಲ. ಪಿ-20 ಅಂದರೆ ಎಫ್-8 ಕ್ರುಸೇಡರ್. ಹಡಗಿನಿಂದ ಹಾರುವ, ಒಂದೇ ಎಂಜಿನ್‌ನ ಫೈಟರ್. ಇನ್ನೊಂದು ಫೋಟೊ ತೆಗೆದು ನೋಡಿದೆ. ಹಿಂದುಗಡೆ ಆಫ್ಟರ್‌ಬರ್ನರ್ (ಹೆಚ್ಚಿನ ವೇಗಕ್ಕೆ ಮತ್ತೆ ಇಂಧನ ಉರಿಸುವ) ಕೊಳವೆ ಸೊಟ್ಟಗಾಗಿ ಎದ್ದು ಕಾಣುತ್ತಿದೆ! ಬಿ-52ಗೆ ಅದು ಇರುವುದೇ ಇಲ್ಲ. ಅಂಗಳದಲ್ಲಿ ನಿಂತಾಗ ಅದೇ ಕೊಳವೆಯ ಪಕ್ಕ ನಿಂತು ಪೋಸ್ ಕೊಟ್ಟಿದ್ದೆ, ಆದರೆ ಕಂಡಿರಲಿಲ್ಲ. ಎಂಟು ಎಂಜಿನ್‌ನ ದೈತ್ಯ ಬೇಕು ಅಂತ ಮನಸ್ಸು ಮೊದಲೇ ತೀರ್ಮಾನ ಮಾಡಿತ್ತು, ಅಷ್ಟೇ.

ಈಗ ಕ್ರಮ ಬದಲಿಸಿದ್ದೇನೆ. ಪಟ್ಟಿ ಓದುವ ಮುಂಚೆ ಎಂಜಿನ್ನಿನ ಎರಡೂ ತುದಿ ನೋಡುತ್ತೇನೆ. ಪಟ್ಟಿಯನ್ನು ಮೂರು ಕಡೆಯ ಬೆಳಕಿನಲ್ಲಿ ತೆಗೆಯುತ್ತೇನೆ. ಹೆಸರು ಹೇಳುವುದು ರೂಮಿಗೆ ಬಂದ ಮೇಲೆ.

ಆದರೆ ಮಗಳು ಅಷ್ಟರಲ್ಲಾಗಲೇ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ‘ಅಪ್ಪ ಕಂಡುಹಿಡಿದ ಬಿ-52 ಎಂಜಿನ್’ ಅಂತ ಕಳಿಸಿಬಿಟ್ಟಿದ್ದಳು. ತಪ್ಪಾಯ್ತು, ಅದು ಕ್ರುಸೇಡರ್ ಅಂತ ಉದ್ದಕ್ಕೆ ಬರೆದು ಹಾಕಿದೆ. ಬೀಗರೊಬ್ಬರು ಅದಕ್ಕೂ ಕೈ ಮುಗಿಯುವ ಚಿತ್ರ ಹಾಕಿದರು. ಈಗಲೂ ಮನೆಗೆ ಬಂದವರು ಬಿ-52 ಫೋಟೊ ತೋರಿಸಿ ಅಂತಲೇ ಕೇಳುತ್ತಾರೆ.