ಲೈಲ್ ರಿಟ್ಜ್ ಅವರ ಯುಕುಲೇಲೆ ಕೇಳುವುದು ಹೇಗೆ

ಮೊದಲು ಒಂದು ಹೆಡ್‌ಫೋನ್ ಹುಡುಕಿ. ಯುಕುಲೇಲೆ, ಅಂದರೆ ಗಿಟಾರಿನ ಹಾಗಿರುವ ನಾಲ್ಕು ತಂತಿಯ ಪುಟ್ಟ ವಾದ್ಯ, ಮನೆಯಲ್ಲಿದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ, ಹೆಡ್‌ಫೋನ್ ಮಾತ್ರ ಬೇಕೇ ಬೇಕು. ಫೋನಿನ ಸ್ಪೀಕರಿನಲ್ಲಿ ಬೇಸ್, ಅಂದರೆ ತಗ್ಗಿನ ಸ್ವರಗಳನ್ನು ನುಡಿಸುವ ವಾದ್ಯ, ಸರಿಯಾಗಿ ಕೇಳಿಸುವುದಿಲ್ಲ. ಬೇಸ್ ಕೇಳಿಸದಿದ್ದರೆ ಲೈಲ್ ರಿಟ್ಜ್ ನಿಮಗೆ ಅರ್ಧ ಮಾತ್ರ ಸಿಗುತ್ತಾರೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನನಗೆ ಜಾಝ್ ಯುಕುಲೇಲೆಯಲ್ಲಿ ಇವರಿಗಿಂತ ಹೆಚ್ಚು ಇಷ್ಟವಾದವರು ಇನ್ನೊಬ್ಬರಿಲ್ಲ. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1930ರಲ್ಲಿ ಹುಟ್ಟಿದವರು, 2017ರಲ್ಲಿ ತೀರಿಕೊಂಡರು. ಲಾಸ್ ಏಂಜಲೀಸ್‌ನ ಒಂದು ವಾದ್ಯದ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಗಿರಾಕಿಗಳಿಗೆ ಯುಕುಲೇಲೆ ನುಡಿಸಿ ತೋರಿಸಬೇಕಿತ್ತು, ಹಾಗೆ ಅದು ಕೈಗೆ ಹತ್ತಿತು. ಆಮೇಲೆ ಸೇನೆಗೆ ಹೋದರು, ಅಲ್ಲಿನ ಬ್ಯಾಂಡಿನಲ್ಲಿ ಟ್ಯೂಬಾ ಊದಿದರು, ಡಬಲ್ ಬೇಸ್ ಎಂಬ ಆಳೆತ್ತರದ ತಂತಿವಾದ್ಯ ಕಲಿತರು. ರಜೆಯಲ್ಲಿ ಬಂದಾಗ ಅದೇ ಅಂಗಡಿಯಲ್ಲಿ ಸುಮ್ನೆ ಒಂದೆರಡು ಹಾಡು ನುಡಿಸಿದ್ದನ್ನು ಗಿಟಾರ್ ವಾದಕ ಬಾರ್ನಿ ಕೆಸೆಲ್ ಕೇಳಿಸಿಕೊಂಡರು. ಕೆಸೆಲ್ ಆಗ ವರ್ವ್ ಎಂಬ ರೆಕಾರ್ಡ್ ಕಂಪನಿಗೆ ಕಲಾವಿದರನ್ನು ಹುಡುಕುತ್ತಿದ್ದರು. 1957ರಲ್ಲಿ ಆಲ್ಬಮ್ ಬಂತು: ‘ಹೌ ಅಬೌಟ್ ಯೂಕ್?’

ಶುರು ಮಾಡಬೇಕಾದ್ದು ಅಲ್ಲಿಂದಲೇ. ಹಾಕುವ ಮೊದಲು ಜೊತೆಯಲ್ಲಿ ಯಾರಿದ್ದಾರೆ ನೋಡಿ. ಡಾನ್ ಶೆಲ್ಟನ್ ಕೊಳಲು, ರೆಡ್ ಮಿಚೆಲ್ ಬೇಸ್, ಜೀನ್ ಎಸ್ಟೆಸ್ ಡ್ರಮ್ಸ್. ಪಿಯಾನೋ ಇಲ್ಲ, ಗಿಟಾರ್ ಇಲ್ಲ. ಅಂದರೆ ಕಾರ್ಡ್ (ಒಟ್ಟಿಗೆ ನುಡಿಸುವ ಹಲವು ಸ್ವರಗಳ ಗೊಂಚಲು) ಹಿಡಿಯುವ ಕೆಲಸವೆಲ್ಲ ಆ ನಾಲ್ಕು ತಂತಿಯ ಪುಟ್ಟ ವಾದ್ಯದ ಮೇಲೆಯೇ ಬಿದ್ದಿದೆ.

‘ಲುಲೂಸ್ ಬ್ಯಾಕ್ ಇನ್ ಟೌನ್’ ಹಾಕಿಕೊಂಡು ಮೂರು ಸಲ ಕೇಳಿ. ಮೊದಲ ಸಲ ಯುಕುಲೇಲೆಯನ್ನು ಬಿಟ್ಟುಬಿಡಿ, ಬೇಸಿನ ಹಿಂದೆಯೇ ನಡೆಯಿರಿ. ಎರಡನೇ ಸಲ ಯುಕುಲೇಲೆ. ಮೂರನೇ ಸಲ, ಯುಕುಲೇಲೆ ಎಲ್ಲೆಲ್ಲಿ ಸುಮ್ಮನಾಗುತ್ತದೆ ಅನ್ನುವುದನ್ನು ಮಾತ್ರ ಗಮನಿಸಿ. ನಾನು ಈ ಮೂರನೆಯದನ್ನು ಮಾಡಿದ್ದು ರಾತ್ರಿ ಬಸ್ಸಿನಲ್ಲಿ, ಎಲ್ಲರೂ ಮಲಗಿದ ಮೇಲೆ. ಅಲ್ಲಿಯವರೆಗೆ ಅವರು ತುಂಬ ನುಡಿಸುತ್ತಾರೆ ಅಂದುಕೊಂಡಿದ್ದೆ. ಅವರು ಬಿಡುವುದೇ ಜಾಸ್ತಿ ಅಂತ ಆವತ್ತು ಗೊತ್ತಾಯಿತು.

ಕರ್ನಾಟಕ ಸಂಗೀತ ಕೇಳಿ ಬೆಳೆದವರಿಗೆ ಇಲ್ಲಿ ಒಂದು ಮಾತು. ನಮ್ಮಲ್ಲಿ ಶ್ರುತಿ ಒಂದೇ ಕಡೆ ನಿಂತಿರುತ್ತದೆ, ಹಾಡು ಅದರ ಮೇಲೆ ಓಡಾಡುತ್ತದೆ. ಹಾಗಾಗಿ ನಮ್ಮ ಕಿವಿ ತಾನಾಗಿ ಸ್ವರದ ಹಿಂದೆ ಹೋಗುತ್ತದೆ. ಜಾಝ್‌ನಲ್ಲಿ ಕೆಳಗಿನ ನೆಲವೇ ಎರಡು ನಾಲ್ಕು ಎಣಿಕೆಗೊಮ್ಮೆ ಬದಲಾಗುತ್ತದೆ. ಮೇಲೆ ಅದೇ ಸ್ವರ ನಿಂತಿದ್ದರೂ ಕೆಳಗಿನದು ಸರಿದಾಗ ಅದರ ಬಣ್ಣ ಬೇರೆಯಾಗುತ್ತದೆ. ಆ ಸರಿಯುವಿಕೆ ಕೇಳಿಸತೊಡಗಿದರೆ ರಿಟ್ಜ್ ತಾವಾಗಿ ಹತ್ತಿರ ಬರುತ್ತಾರೆ.

ಅದು ಕೇಳಿಸಲು ಒಂದು ಚಿಕ್ಕ ಪ್ರಯೋಗ ಹೇಳುತ್ತೇನೆ, ಯುಕುಲೇಲೆ ಇರುವವರು ಈಗಲೇ ಮಾಡಿ. ತಂತಿಗಳು ಎಲ್ಲರ ಹಾಗೆ ಜಿ, ಸಿ, ಇ, ಎ ಶ್ರುತಿಯಲ್ಲಿರಲಿ. ಫ್ರೆಟ್‌ಗಳನ್ನೂ ಅದೇ ಕ್ರಮದಲ್ಲಿ ಬರೆಯುತ್ತೇನೆ. 2 2 1 3 ಹಿಡಿಯಿರಿ. ಇದು ಡಿ ಮೈನರ್ 7. ಈಗ ಎ ತಂತಿಯ ಮೇಲಿನ ಬೆರಳು ಮಾತ್ರ ಒಂದು ಫ್ರೆಟ್ ಹಿಂದೆ ಬರಲಿ: 2 2 1 2. ಇದು ಜಿ 9. ಕೊನೆಗೆ 0 0 0 2, ಸಿ ಮೇಜರ್ 7. ಸಿ ಸ್ವರದಿಂದ ಎಣಿಸಿದರೆ ಡಿ ಎರಡನೆಯದು, ಜಿ ಐದನೆಯದು. ಎರಡು, ಐದು, ಒಂದು ಅಂತ ಜಾಝ್‌ನವರು ಕರೆಯುವ ಓಟ ಇದೇ, ಹಳೆಯ ಜಾಝ್ ಹಾಡುಗಳಲ್ಲಿ ಇದು ಮತ್ತೆ ಮತ್ತೆ ಬರುತ್ತದೆ.

ಈಗ ಮಧ್ಯದ ಕಾರ್ಡ್ ನೋಡಿ. ಜಿ 9 ಅಂತ ಹೆಸರು, ಆದರೆ ನೀವು ಹಿಡಿದ ನಾಲ್ಕು ಸ್ವರ ಎ, ಡಿ, ಎಫ್, ಬಿ. ಜಿ ಎಲ್ಲಿದೆ? ಇಲ್ಲವೇ ಇಲ್ಲ. ಒಂದನ್ನೇ ನುಡಿಸಿದರೆ ಅದು ಅರ್ಧಕ್ಕೆ ನಿಂತ ಮಾತಿನ ಹಾಗೆ ಕೇಳುತ್ತದೆ. ಇನ್ನು ತಂಬೂರಿ ಆ್ಯಪ್ ತೆಗೆದು ಷಡ್ಜವನ್ನು ಜಿಗೆ ಇಡಿ, ಹಾರ್ಮೋನಿಯಂ ಭಾಷೆಯಲ್ಲಿ ಬಿಳಿ ಐದು. ಅದರ ಮೇಲೆ ಅದೇ 2 2 1 2 ನುಡಿಸಿ. ಕಾರ್ಡ್ ತುಂಬಿಕೊಂಡಿತು ಅಲ್ವಾ? ಬೆರಳು ಬದಲಾಗಿಲ್ಲ, ಕೆಳಗೆ ಜಿ ಬಂತು ಅಷ್ಟೇ.

ರಿಟ್ಜ್ ಅವರ ಗುಟ್ಟು ಇಲ್ಲಿದೆ ಅಂತ ನನಗೆ ಅನಿಸುತ್ತದೆ. ಜಾಝ್ ಕಾರ್ಡಿನಲ್ಲಿ ಐದಾರು ಸ್ವರ ಇರುತ್ತವೆ, ತಂತಿ ಇರುವುದು ನಾಲ್ಕೇ, ಯಾವುದನ್ನಾದರೂ ಬಿಡಲೇಬೇಕು. ಕಾರ್ಡಿಗೆ ಹೆಸರು ಕೊಡುವ ಮೂಲ ಸ್ವರವನ್ನು ಬೇಸ್ ನುಡಿಸುತ್ತದೆ ಅಂತ ಗೊತ್ತಿದ್ದರೆ ಅದನ್ನು ಧೈರ್ಯವಾಗಿ ಬಿಡಬಹುದು, ಆ ಜಾಗಕ್ಕೆ ಇನ್ನೂ ರುಚಿಯಾದ ಒಂದು ಸ್ವರವನ್ನು ತರಬಹುದು. ರಿಟ್ಜ್ ಸ್ವತಃ ಬೇಸ್ ವಾದಕರು. ಬೇಸ್ ಎಲ್ಲಿ ಕಾಲಿಡುತ್ತದೆ ಅಂತ ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅದಕ್ಕೇ ಹೆಡ್‌ಫೋನ್ ಅಂದಿದ್ದು. ಬೇಸ್ ಇಲ್ಲದೆ ಕೇಳಿದರೆ ಅವರ ಕಾರ್ಡುಗಳಿಗೆ ನೆಲವೇ ಇರುವುದಿಲ್ಲ.

ವೇಗದ ಹಾಡುಗಳಾದ ಮೇಲೆ ನಿಧಾನದವಕ್ಕೆ ಬನ್ನಿ. ‘ಲಿಟಲ್ ಗರ್ಲ್ ಬ್ಲೂ’, ‘ಮೂನ್‌ಲೈಟ್ ಇನ್ ವರ್ಮಾಂಟ್’. ನನ್ನ ಪ್ರಕಾರ ಅವರ ಹಿರಿಮೆ ಜಾಸ್ತಿ ಕಾಣುವುದು ಇಲ್ಲೇ. ಯುಕುಲೇಲೆಯ ಸ್ವರ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೀಟಿದ ಸ್ವಲ್ಪದರಲ್ಲೇ ಆರಿಹೋಗುತ್ತದೆ, ವೀಣೆಯ ಹಾಗೆ ಎಳೆದುಕೊಂಡು ಹೋಗಲು ಆಗುವುದಿಲ್ಲ. ನಿಧಾನದ ಹಾಡಿನಲ್ಲಿ ಆರಿದ ಮೇಲಿನ ಖಾಲಿ ಜಾಗ ಭಯ ಹುಟ್ಟಿಸುತ್ತದೆ, ಹೊಸದಾಗಿ ಕಲಿತವರು ಅದನ್ನು ತುಂಬಲು ಗಡಿಬಿಡಿಯಲ್ಲಿ ಸ್ಟ್ರಮ್ ಮಾಡುತ್ತಾರೆ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಉಜ್ಜುತ್ತಾರೆ, ನಾನೂ ವರ್ಷಗಟ್ಟಲೆ ಹಾಗೇ ಮಾಡಿದ್ದೇನೆ. ರಿಟ್ಜ್ ಕಾಯುತ್ತಾರೆ. ಹಾಡಿನ ಸ್ವರವನ್ನು ಕಾರ್ಡಿನ ಮೇಲಿನ ತುದಿಯಲ್ಲಿ ಇಟ್ಟು, ಉಳಿದ ತಂತಿಗಳನ್ನು ಅದರ ಕೆಳಗೆ ಮೆತ್ತಗೆ ಇಡುತ್ತಾರೆ. ಹಾಡು, ಪಕ್ಕವಾದ್ಯ ಎರಡೂ ಒಂದೇ ಕೈಯಲ್ಲಿ. ಎರಡು ಸಾಲು ಕೇಳಿ ನಿಲ್ಲಿಸಿ, ಮೇಲಿನ ಸ್ವರವನ್ನಷ್ಟೇ ಬಾಯಲ್ಲಿ ಗುನುಗಿ, ಮತ್ತೆ ಹಾಕಿ. ಕಾರ್ಡುಗಳ ನಡುವೆ ಹಾಡು ಎಲ್ಲಿ ಹರಿಯುತ್ತಿದೆ ಅಂತ ಆಗ ಬಿಡಿಬಿಡಿಯಾಗಿ ಕೇಳಿಸುತ್ತದೆ.

ಕೈಯಲ್ಲಿ ನುಡಿಸುವವರು ಇಡೀ ಹಾಡನ್ನು ನಕಲು ಮಾಡಲು ಹೋಗಬೇಡಿ. ನಾಲ್ಕು ಎಣಿಕೆಯಷ್ಟು ತೆಗೆದುಕೊಳ್ಳಿ, ಅರ್ಧ ವೇಗಕ್ಕೆ ಇಳಿಸಿ, ಕಿವಿಯಿಂದಲೇ ಹುಡುಕಿ. ಒಂದು ವಾರ ಹಿಡಿದರೆ ಹಿಡಿಯಲಿ. ಸಿಕ್ಕಿದ್ದನ್ನು ನಿಮಗೆ ಗೊತ್ತಿರುವ ಬೇರೆ ಹಾಡಿನಲ್ಲಿ ಸೇರಿಸಿ ನೋಡಿ.

ಆಮೇಲೆ ಎರಡನೇ ಆಲ್ಬಮ್, ‘50ತ್ ಸ್ಟೇಟ್ ಜಾಝ್’. ಬಂದಿದ್ದು 1959ರಲ್ಲಿ, ಹವಾಯಿ ಅಮೆರಿಕದ 50ನೇ ರಾಜ್ಯವಾದ ವರ್ಷ. ಈ ಎರಡೂ ಆಲ್ಬಮ್‌ಗಳು ಅಮೆರಿಕದ ಮುಖ್ಯನಾಡಿನಲ್ಲಿ ಹೆಚ್ಚು ಮಾರಾಟವಾಗಲಿಲ್ಲ. ರಿಟ್ಜ್ ಯುಕುಲೇಲೆ ಪಕ್ಕಕ್ಕಿಟ್ಟು ಸ್ಟುಡಿಯೋಗಳಲ್ಲಿ ಬೇಸ್ ನುಡಿಸಿ ಬದುಕಿದರು. ಲಾಸ್ ಏಂಜಲೀಸ್‌ನಲ್ಲಿ ‘ರೆಕಿಂಗ್ ಕ್ರೂ’ ಅಂತ ಹೆಸರಾದ ಸ್ಟುಡಿಯೋ ವಾದಕರ ಗುಂಪಿನಲ್ಲಿ ಅವರೂ ಒಬ್ಬರು. ಬೀಚ್ ಬಾಯ್ಸ್ ಅವರ 1966ರ ‘ಪೆಟ್ ಸೌಂಡ್ಸ್’ ನಿಮ್ಮ ಹತ್ತಿರ ಇದ್ದರೆ ‘ಗಾಡ್ ಓನ್ಲಿ ನೋಸ್’ ಹಾಕಿ, ಅದರಲ್ಲಿ ಡಬಲ್ ಬೇಸ್ ಇವರದು. ಎಷ್ಟೋ ಜನ ಇವರ ಹೆಸರೇ ಗೊತ್ತಿಲ್ಲದೆ ಇವರನ್ನು ಕೇಳಿದ್ದಾರೆ. 1979ರ ‘ದ ಜರ್ಕ್’ ಸಿನಿಮಾದಲ್ಲಿ ಸ್ಟೀವ್ ಮಾರ್ಟಿನ್ ಸಮುದ್ರ ತೀರದಲ್ಲಿ ಯುಕುಲೇಲೆ ಹಿಡಿದು ಹಾಡುತ್ತಾರಲ್ಲ, ಆ ನಾದವೂ ರಿಟ್ಜ್ ಅವರದೇ.

ಅಷ್ಟರಲ್ಲಿ ಹವಾಯಿಯಲ್ಲಿ ಬೇರೆಯೇ ನಡೆದಿತ್ತು. ಅಲ್ಲಿನ ವಾದಕರು ಆ ಎರಡು ರೆಕಾರ್ಡುಗಳನ್ನು ಪಾಠದ ಹಾಗೆ ಹಾಕಿಕೊಂಡು ಕಲಿತಿದ್ದರು. ಹೊನೊಲುಲುವಿನಲ್ಲಿ 1971ರಿಂದ ಯುಕುಲೇಲೆ ಉತ್ಸವ ನಡೆಸುತ್ತಿದ್ದ ರಾಯ್ ಸಕುಮಾ ಇವರನ್ನು ಹುಡುಕಿ ಕರೆಸಿದರು. ತಮ್ಮ ನುಡಿಸಾಣಿಕೆಗೆ ಅಲ್ಲಿ ಇಷ್ಟು ಅಭಿಮಾನವಿದೆ ಅಂತ ರಿಟ್ಜ್ ಅವರಿಗೆ ಗೊತ್ತೇ ಇರಲಿಲ್ಲ. ಮುಂದೆ ಹವಾಯಿಗೇ ಹೋಗಿ ನೆಲೆಸಿದರು. ಇದನ್ನು ಬರೆಯುವಾಗಲೂ ನನ್ನ ಮನಸ್ಸು ತುಂಬಿ ಬರುತ್ತದೆ.

ಇಷ್ಟು ಕೇಳಿದ ಮೇಲೆ ಹರ್ಬ್ ಓಟಾ, ಬೆನ್ನಿ ಚಾಂಗ್, ಬೈರನ್ ಯಾಸುಯಿ, ಏಬ್ ಲಗ್ರಿಮಾಸ್ ಜೂನಿಯರ್ ಅವರನ್ನೂ ಹುಡುಕಿ ಕೇಳಿ. ಓಟಾ ಅವರ ಬಲಗೈಯ ನಯವೇ ಬೇರೆ. ಬೆನ್ನಿ ಚಾಂಗ್ ಗಿಟಾರಿನಿಂದ ಬಂದವರು, ಅವರ ಕಾರ್ಡುಗಳು ಇನ್ನೂ ದಟ್ಟ. ಯಾಸುಯಿ ಅವರೂ ಬೇಸ್ ವಾದಕರೇ.

ಕೊನೆಗೆ ಇಟ್ಟುಕೊಳ್ಳಬೇಕಾದದ್ದು ‘ನೋ ಫ್ರಿಲ್ಸ್’. 70 ದಾಟಿದ ಮೇಲೆ ರಿಟ್ಜ್ ಮನೆಯಲ್ಲೇ ಕಂಪ್ಯೂಟರಿನಲ್ಲಿ ಗ್ಯಾರೇಜ್‌ಬ್ಯಾಂಡ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್ ಕಲಿತು ಇದನ್ನು ರೆಕಾರ್ಡ್ ಮಾಡಿದರು. ಯುಕುಲೇಲೆ ಅವರದೇ, ಬೇಸೂ ಅವರದೇ. ಕೇಳುವಾಗ ಹೆಡ್‌ಫೋನ್ ಹಾಕಿಕೊಂಡು, ಯುಕುಲೇಲೆ ಬಿಟ್ಟ ಸ್ವರ ಬೇಸಿನಲ್ಲಿ ಎಲ್ಲಿ ಬರುತ್ತದೆ ಅಂತ ಕಾಯುತ್ತಾ ಕೂರಿ.